‘ಅರ್ಜೆಂಟ್’ ಎಂದು ಮೂರು ಸಲ ಬರೆದರೂ ಉತ್ತರ ಏಕೆ ತಡವಾಗುತ್ತದೆ

ನಮ್ಮ ಅಡಿಕೆ ಬೆಳೆಗಾರರ ಸಂಘದ ಆನ್‌ಲೈನ್ ಚರ್ಚಾ ವೇದಿಕೆಯನ್ನು ನೋಡಿಕೊಳ್ಳುವ ಹೊಣೆ ನನ್ನ ತಲೆಗೆ ಬಂದದ್ದು, ಕಚೇರಿಯ ಪ್ರಿಂಟರ್ ಕೆಟ್ಟರೆ ಸರಿಮಾಡುವವನು ನಾನೊಬ್ಬನೇ ಎಂಬ ಕಾರಣಕ್ಕೆ. ನನ್ನನ್ನು ನೇಮಿಸಿಕೊಂಡದ್ದು ಮಂಡಿಯ ಲೆಕ್ಕ ಬರೆಯುವುದಕ್ಕೆ. ಅದಕ್ಕೂ ಮೊದಲು ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತಿತ್ತು. ಒಂದು ಗುಂಪಿನಲ್ಲಿ 1024 ಜನರಿಗಿಂತ ಹೆಚ್ಚು ಮಂದಿಗೆ ಜಾಗವಿಲ್ಲದ್ದರಿಂದ ತಾಲ್ಲೂಕಿಗೊಂದು ಗುಂಪು ಮಾಡಿಕೊಂಡಿದ್ದೆವು. ಸಾಗರದವರು ಕೇಳಿ ಉತ್ತರ ಪಡೆದ ಪ್ರಶ್ನೆಯನ್ನೇ ಹೊಸನಗರದವರು ಮರುವಾರ ಕೇಳುತ್ತಿದ್ದರು, ಬಂದ ಉತ್ತರವೂ ಶುಭೋದಯದ ಹೂವಿನ ಚಿತ್ರಗಳ ಅಡಿಗೆ ಸೇರಿಹೋಗುತ್ತಿತ್ತು. ಹುಡುಕಿದರೆ ಸಿಗುವಂಥ, ಒಂದು ವಿಷಯಕ್ಕೆ ಒಂದೇ ಥ್ರೆಡ್ ಇರುವಂಥ ವೇದಿಕೆ ಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದ್ದು ಸರಿಯಾಗಿಯೇ ಇತ್ತು. ಬಾಗಿಲು ತೆರೆದುಬಿಟ್ಟರೆ ಉಳಿದದ್ದು ತಾನಾಗಿ ನಡೆಯುತ್ತದೆ ಎಂದು ಅವರು ನಂಬಿದ್ದು ಮಾತ್ರ ಸರಿಯಿರಲಿಲ್ಲ.

ಮೊದಲ ತೊಡಕು ಸೇರುವಲ್ಲಿಯೇ ಇದೆ. ನೋಂದಣಿ ಮಾಡಿಕೊಂಡವರ ಇಮೇಲ್‌ಗೆ ಒಂದು ದೃಢೀಕರಣದ ಕೊಂಡಿ ಹೋಗುತ್ತದೆ, ಅದನ್ನು ಒತ್ತಿದ ಮೇಲೆಯೇ ಖಾತೆ ತೆರೆಯುತ್ತದೆ. ಆದರೆ ನಮ್ಮ ಬಹುಪಾಲು ಸದಸ್ಯರ ಇಮೇಲ್ ವಿಳಾಸವೆಂದರೆ ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಅದರ ಪಾಸ್‌ವರ್ಡ್ ಆ ಹುಡುಗನಿಗೂ ಈಗ ನೆನಪಿರುವುದಿಲ್ಲ. ಕೊಂಡಿ ಸ್ಪ್ಯಾಮ್‌ಗೆ ಹೋಗಿ ಕುಳಿತರೆ ಕಥೆ ಅಲ್ಲಿಗೇ ಮುಗಿಯಿತು. ಹೀಗಾಗಿ ತೋಟ ತೀರ್ಥಹಳ್ಳಿಯ ಕಡೆ, ಖಾತೆ ಬೆಂಗಳೂರಿನಲ್ಲಿರುವ ಮಗನ ಹೆಸರಿನಲ್ಲಿ ಎಂಬ ಏರ್ಪಾಡು ಬಹಳ ಮನೆಗಳಲ್ಲಿ ನಡೆಯುತ್ತದೆ. ಊರು ಮತ್ತು ಬೆಳೆಯ ವಿವರವನ್ನು ಕಡ್ಡಾಯ ಮಾಡೋಣವೆಂದು ನಾನು ಮೊದಲೇ ಕೇಳಿದ್ದೆ. ‘ಜಾಸ್ತಿ ಖಾನೆ ಇಟ್ಟರೆ ಜನ ಹೆದರ್ತಾರೆ ಮಾರಾಯ’ ಎಂಬ ಉತ್ತರ ಬಂದಿತ್ತು.

ಎರಡನೆಯದು ಕ್ಯೂ. ಹೊಸ ಸದಸ್ಯರ ಮೊದಲ ಬರಹ ನೇರವಾಗಿ ಪ್ರಕಟವಾಗುವುದಿಲ್ಲ, ನಾನು ನೋಡಿ ಬಿಡಬೇಕು. ಇಲ್ಲವಾದರೆ ಜಮೀನಿನ ದಲ್ಲಾಳಿಗಳೂ, ಒಂದೇ ಬಾಟಲಿಯಲ್ಲಿ ಎಲ್ಲ ರೋಗ ಕಳೆಯುವ ಟಾನಿಕ್ ಮಾರುವವರೂ ಬೆಳಗಾಗುವುದರೊಳಗೆ ವೇದಿಕೆಯನ್ನು ತುಂಬಿಬಿಡುತ್ತಾರೆ. ಶೀರ್ಷಿಕೆಯಲ್ಲಿ ಗುಣಿತ, ಒತ್ತುಗಳ ಚಿಹ್ನೆಗಳೂ ಸೇರಿ ಕನಿಷ್ಠ 15 ಅಕ್ಷರಗಳಿರಬೇಕು ಎಂಬುದು ತಂತ್ರಾಂಶದ ನಿಯಮ. ಜನ ವಿಷಯವನ್ನು ಬಿಡಿಸಿ ಬರೆಯಲಿ ಎಂಬುದು ಅದರ ಉದ್ದೇಶ.

ಜುಲೈ ತಿಂಗಳು. ಬಿಡದೆ ಹೊಡೆಯುತ್ತಿದ್ದ ಮಳೆ ಅಂದು ಬೆಳಿಗ್ಗೆ ಹೊಳವಾಗಿತ್ತು. ಕೊಳೆರೋಗಕ್ಕೆ ಎರಡನೆಯ ಸುತ್ತಿನ ಬೋರ್ಡೋ (ಮೈಲುತುತ್ತ ಎಂಬ ತಾಮ್ರದ ಸಲ್ಫೇಟನ್ನು ಸುಣ್ಣದೊಡನೆ ನೀರಿಗೆ ಬೆರೆಸಿದ ಮದ್ದು) ಹೊಡೆಸಲು ಕಾದಿದ್ದವರು ಮರ ಹತ್ತುವ ಕೊನೆಗೌಡರನ್ನು ಕರೆಸಿಕೊಂಡು ತೋಟಕ್ಕಿಳಿದಿದ್ದರು. ಕ್ಯೂನಲ್ಲಿ ಒಂದು ಬರಹ ಬಂದು ಕುಳಿತಿತ್ತು. ಶೀರ್ಷಿಕೆ ‘ಅರ್ಜೆಂಟ್ ಅರ್ಜೆಂಟ್ ಅರ್ಜೆಂಟ್’; 15 ಅಕ್ಷರದ ನಿಯಮವನ್ನು ಅವರು ಪಾಲಿಸಿದ್ದ ಬಗೆ ಅದು. ಒಳಗೆ ‘ಮದ್ದು ಹೆಚ್ಚಾಗಿದೆ. ಏನು ಮಾಡುವುದು ಬೇಗ ಹೇಳಿ’ ಎಂದಷ್ಟೇ ಇತ್ತು. ಖಾತೆಯನ್ನು ತೆರೆದು ನೋಡಿದರೆ ಊರು ಬೆಂಗಳೂರು, ಚಿತ್ರದಲ್ಲಿ ಹೆಲ್ಮೆಟ್ ಹಿಡಿದು ಬೈಕಿನ ಪಕ್ಕ ನಿಂತ ಯುವಕ. ತಾರಸಿಯ ಮೇಲೆ ಕುಂಡದಲ್ಲಿ ಮೆಣಸಿನ ಗಿಡ ಬೆಳೆಸುವವರು ಇದೇ ಧಾಟಿಯಲ್ಲಿ ಮೊದಲೂ ಕೇಳಿದ್ದುಂಟು. ಅತ್ತ ಮಂಡಿಯ ಧಾರಣೆ ಹಾಕಬೇಕಿತ್ತು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳ ದರ ಸ್ವಲ್ಪ ತಡವಾದರೂ ಕಚೇರಿಯ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಹಾಗಾಗಿ ‘ಅರ್ಜೆಂಟ್’ ಅನ್ನು ಪಕ್ಕಕ್ಕಿಟ್ಟು ಧಾರಣೆ ಹಾಕಿದೆ. ಆ ಹೊತ್ತಿನಲ್ಲಿ ನನ್ನೆದುರು ಇದ್ದ ವಿವರಗಳನ್ನು ನೋಡಿದರೆ ಇಂದೂ ಬಹುಶಃ ಹಾಗೆಯೇ ಮಾಡುತ್ತಿದ್ದೆ, ಆದರೂ ಆ ಬೈಕಿನ ಚಿತ್ರ ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ.

ಧಾರಣೆ ಮುಗಿಸಿ ಬರಹವನ್ನು ಬಿಟ್ಟ ಕೂಡಲೇ ಉತ್ತರಗಳು ಬಂದವು. ‘ಇನ್ನೊಂದು ಡ್ರಮ್ ನೀರು ಸೇರಿಸಿ, ಸರಿಹೋಗುತ್ತದೆ’ ಎಂದರು ಒಬ್ಬರು. ಇನ್ನೊಬ್ಬರು ಅದನ್ನು ಕಳೆನಾಶಕವೆಂದು ತಿಳಿದು ಮರದ ಬುಡಕ್ಕೆ ತಾಗದಂತೆ ನೋಡಿಕೊಳ್ಳಿ ಎಂದು ಬರೆದರು. ‘ಯಾವ ಮದ್ದು?’ ಎಂದು ಕೇಳಿದ ಮೂರನೆಯವರದೊಂದೇ ಉಪಯೋಗದ ಮಾತಾಗಿತ್ತು. ನನ್ನ ಕುರ್ಚಿಯ ಹಿಂದೆ ನಿಂತು ಓದುತ್ತಿದ್ದ ನಮ್ಮ ತೋಟಗಾರಿಕೆ ಸಲಹೆಗಾರ್ತಿ, ‘ಬೋರ್ಡೋನೇ ಇರಬೇಕು, ಇವತ್ತು ಇನ್ನೇನು ಹೊಡೀತಾರೆ’ ಎಂದರು. ಆದರೂ ಅವರು ಬರೆಯಲು ಒಪ್ಪಲಿಲ್ಲ. ಬೋರ್ಡೋ ಆಗಿದ್ದರೆ ಒಂದು ಪರಿಹಾರ, ಎಲೆಚುಕ್ಕಿ ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕವಾಗಿದ್ದರೆ ಬೇರೆಯದೇ ಪರಿಹಾರ. ‘ಎರಡೂ ಬರೆದುಬಿಡಿ ಮೇಡಂ’ ಎಂದು ನಾನು ಒತ್ತಾಯಿಸಿದೆ. ‘ಎರಡೂ ಬರೆದರೆ ಅವರು ಮೊದಲನೇದನ್ನೇ ಮಾಡ್ತಾರೆ’ ಎಂದರು.

ಆಮೇಲಿನ ನಿಮಿಷಗಳು ಹೇಗೆ ಕಳೆದವೆಂದು ಹೇಳಲಾರೆ. ಖಾತೆಯಲ್ಲಿದ್ದ ನಂಬರಿಗೆ ಫೋನು ಮಾಡಿದರೆ ರಿಂಗಾಗಿ ನಿಲ್ಲುತ್ತಿತ್ತು; ಹುಡುಗ ಮೀಟಿಂಗಿನಲ್ಲಿದ್ದನಂತೆ. ತೋಟದಲ್ಲಿದ್ದ ಅವನ ಅಪ್ಪಯ್ಯನ ನಂಬರು ನಮ್ಮಲ್ಲಿರಲಿಲ್ಲ, ಯಾವ ಊರೆಂದೂ ತಿಳಿಯದಿದ್ದರಿಂದ ಆ ಕಡೆಯ ಸದಸ್ಯರೊಬ್ಬರನ್ನು ತೋಟಕ್ಕೆ ಓಡಿಸುವುದಕ್ಕೂ ದಾರಿಯಿರಲಿಲ್ಲ. ಉತ್ತರ ಬರೆಯುತ್ತಿದ್ದಾರೆ ಎಂಬ ಸೂಚನೆ ಪರದೆಯ ಕೆಳಗೆ ಒಮ್ಮೆ ಕಾಣಿಸಿಕೊಂಡು ಮಾಯವಾಯಿತು, ಮತ್ತೆ ಬಂತು, ಮತ್ತೆ ಹೋಯಿತು. ಕೊನೆಗೆ ಬಂದ ವಿವರ ಹೀಗಿತ್ತು: 200 ಲೀಟರಿನ ಡ್ರಮ್ಮಿಗೆ 2 ಕೆ.ಜಿ. ಮೈಲುತುತ್ತ ಹಾಕಬೇಕಾದಲ್ಲಿ, ಅಪ್ಪಯ್ಯ ಹಾಕಿದ್ದು ತಿಳಿಯದೆ ಆಳು ಇನ್ನೊಮ್ಮೆ ಹಾಕಿ 4 ಕೆ.ಜಿ. ಆಗಿದೆ, ಸುಣ್ಣ 2 ಕೆ.ಜಿ.ಯೇ ಇದೆ, ಕತ್ತಿ ಅದ್ದಿದರೆ ಕೆಂಪಾಗುತ್ತಿದೆ.

ಕತ್ತಿ ಕೆಂಪಾಯಿತೆಂದರೆ ದ್ರಾವಣದಲ್ಲಿ ತಾಮ್ರ ಸುಣ್ಣಕ್ಕೆ ಸಿಗದೆ ಉಳಿದಿದೆ ಎಂದರ್ಥ. ಅದನ್ನು ಹಾಗೆಯೇ ಹೊಡೆದರೆ ಎಳೆಯ ಕಾಯಿ ಸುಡುತ್ತದೆ. ಶೇಕಡಾ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ ತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ನೀರನ್ನಷ್ಟೇ ಸುರಿದರೆ ಮದ್ದು ತೆಳುವಾಗುತ್ತದೆಯೇ ಹೊರತು ತುತ್ತಕ್ಕೂ ಸುಣ್ಣಕ್ಕೂ ಇರುವ ಅಳತೆ ಕೂಡುವುದಿಲ್ಲ. ಇನ್ನೊಂದು ಡ್ರಮ್ಮಿನಲ್ಲಿ 2 ಕೆ.ಜಿ. ಸುಣ್ಣವನ್ನು 200 ಲೀಟರ್ ನೀರಿಗೆ ಕಲಸಿ ಸೋಸಿಕೊಳ್ಳಿ, ಎರಡನ್ನೂ ಸಮಸಮ ಬೆರೆಸಿ ಮತ್ತೆ ಕತ್ತಿ ಅದ್ದಿ ನೋಡಿ, ಇವತ್ತೇ ಹೊಡೆದು ಮುಗಿಸಿ ಎಂದು ಮೇಡಂ ಬರೆದರು. ಆದರೆ ಅಷ್ಟರಲ್ಲಿ ಮಗ ಮೊದಲು ಬಂದ ಉತ್ತರವನ್ನೇ ಫೋನಿನಲ್ಲಿ ಹೇಳಿಯಾಗಿತ್ತು. ಒಂದಷ್ಟು ಮದ್ದಿಗೆ ಬರೀ ನೀರು ಸೇರಿಸಿ ಒಂದು ಸಾಲು ಮರಕ್ಕೆ ಹೊಡೆದೂ ಆಗಿತ್ತು. ಆ ಸಾಲಿನ ಹರಳು, ಅಂದರೆ ಎಳೆಗಾಯಿ, ಉದುರಿದ್ದು ತುತ್ತದಿಂದಲೋ ಮಳೆಯಿಂದಲೋ ಎಂಬ ವಾದ ಅವರ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಮುಂದಿನ ಸಭೆಯಲ್ಲಿ ಆಡಳಿತ ಮಂಡಳಿಯವರು ಕಂಡುಕೊಂಡ ಪರಿಹಾರ, ಕ್ಯೂವನ್ನೇ ತೆಗೆದುಬಿಡುವುದು. ಬರಹ ಬೇಗ ಪ್ರಕಟವಾಗಿದ್ದರೆ ‘ನೀರು ಸೇರಿಸಿ’ ಎಂಬ ಉತ್ತರವೂ ಅಷ್ಟೇ ಬೇಗ ಬರುತ್ತಿತ್ತು ಎಂದು ಅವರಿಗೆ ಒಪ್ಪಿಸಬೇಕಾದರೆ ಸಾಕುಸಾಕಾಯಿತು. ಕ್ಯೂ ಉಳಿಯಿತು. ಊರಿನ ಖಾನೆ ಕಡ್ಡಾಯವಾಯಿತು. ಬೆಳೆಯ ಖಾನೆ ಇನ್ನೂ ಪರಿಶೀಲನೆಯಲ್ಲಿದೆ.

ಹೊಸಬರಿಗೆ ನಾನೀಗ ಹೇಳುವುದು ಇಷ್ಟೇ. ಖಾತೆ ಮಗನ ಹೆಸರಿನಲ್ಲಿದ್ದರೂ ಅಡ್ಡಿಯಿಲ್ಲ, ಊರಿನ ಖಾನೆಯಲ್ಲಿ ತೋಟವಿರುವ ಊರನ್ನು ಬರೆಯಿರಿ, ಸಂಪರ್ಕದ ಖಾನೆಯಲ್ಲಿ ತೋಟದಲ್ಲಿರುವವರ ನಂಬರನ್ನು ಕೊಡಿ. ಅದು ನಮಗೆ ಮಾತ್ರ ಕಾಣುತ್ತದೆ. ಬರಹದ ಒಳಗೆ ಮಾತ್ರ ಫೋನ್ ನಂಬರು ಹಾಕಬೇಡಿ, ಟಾನಿಕ್ ಮಾರುವವರು ಅದಕ್ಕೇ ಕಾದಿರುತ್ತಾರೆ. ಉತ್ತರಿಸುವವರು ತಿರುಗಿ ಪ್ರಶ್ನೆ ಕೇಳದಂತೆ ಶೀರ್ಷಿಕೆಯಿರಲಿ. ‘ತೀರ್ಥಹಳ್ಳಿ: ಬೋರ್ಡೋದಲ್ಲಿ ತುತ್ತ ಹೆಚ್ಚಾಗಿದೆ, 200 ಲೀಟರಿಗೆ 4 ಕೆ.ಜಿ.’ ಎಂದಿದ್ದರೆ ಅಂದು ನಾನು ಧಾರಣೆಯನ್ನು ಪಕ್ಕಕ್ಕಿಡುತ್ತಿದ್ದೆ. ಬರೆದವರು ಒಂದಿಷ್ಟು ಹೊತ್ತು ಅಲ್ಲೇ ಇರಬೇಕು, ಏಕೆಂದರೆ ಮರುಪ್ರಶ್ನೆ ಬಂದೇ ಬರುತ್ತದೆ. ಎಲೆಚುಕ್ಕಿಯ ಅನುಮಾನವಿದ್ದರೆ ಹಳದಿ ಅಂಚಿನ ಕಂದು ಚುಕ್ಕಿ ಸ್ಪಷ್ಟವಾಗಿ ಕಾಣುವಂತೆ ಹಗಲು ಬೆಳಕಿನಲ್ಲಿ ತೆಗೆದ ಚಿತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ಚಿತ್ರದಲ್ಲಿ ಚುಕ್ಕಿಯೂ ಒಂದೇ, ಮಸಿಯೂ ಒಂದೇ. ಬೇರೆಯವರ ಕೊಳೆರೋಗದ ಥ್ರೆಡ್ಡಿನ ಕೆಳಗೆ ನಿಮ್ಮ ಮೆಣಸಿನ ಸೊರಗುರೋಗವನ್ನು ಕೇಳಬೇಡಿ. ಅಲ್ಲಿ ಅದನ್ನು ಯಾರೂ ನೋಡುವುದಿಲ್ಲ, ಮುಂದಿನ ವರ್ಷ ಹುಡುಕಿದವರಿಗೂ ಸಿಗುವುದಿಲ್ಲ.

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯ ಕಾಟ ಪ್ರತ್ಯೇಕವಾಗಿಯೇ ಇದೆ. ನಿವೃತ್ತ ಮೇಷ್ಟ್ರೊಬ್ಬರು ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಹಳೆಯ ಪದ್ಧತಿಯ ಬಗ್ಗೆ ಬಹಳ ಶ್ರದ್ಧೆಯಿಂದ ಟೈಪ್ ಮಾಡಿ ತಂದು ಅಂಟಿಸಿದ್ದರು. ವೇದಿಕೆಯಲ್ಲಿ ಅದು ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕೂಡಿದ ಕಲಸುಮೇಲೋಗರವಾಗಿ ಬಂತು, ನಾನು ಅದನ್ನು ಸ್ಪ್ಯಾಮ್ ಎಂದೇ ಅಳಿಸುವುದರಲ್ಲಿದ್ದೆ. 1991ರಲ್ಲಿ ಬಂದ, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಕ್ರಮವಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗವಿತ್ತು. ನಮ್ಮ ಕಚೇರಿಯ ಸುತ್ತೋಲೆಗಳು ಮಾತ್ರ ಇಂದಿಗೂ ಹಳೆಯ ಶೈಲಿಯಲ್ಲೇ ಹೊರಡುತ್ತವೆ. ಹೀಗಿರುವಾಗ ಮೇಷ್ಟ್ರಿಗೆ ಬುದ್ಧಿ ಹೇಳಲು ನನಗೆ ಯಾವ ಮುಖವಿದೆ? ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆದರೆ ಈ ತೊಂದರೆಯಿಲ್ಲ, ಟೈಪ್ ಮಾಡಲು ಬೇಸರವೆನಿಸಿದರೆ ಮಾತನಾಡಿಯೂ ಬರೆಸಬಹುದು.

ಸಲಹೆ ಪಡೆದು ‘ಧನ್ಯವಾದ ಸರ್’ ಎಂದು ಹೋದವರು ಏನಾಯಿತೆಂದು ತಿಳಿಸಲು ಮರಳಿ ಬರುವುದಿಲ್ಲ ಎಂಬುದು ನನ್ನ ಈಗಿನ ತಕರಾರು. ಮೇಡಂ ಹೇಳಿದ ಅಳತೆ ಕೈಹಿಡಿಯಿತೋ ಇಲ್ಲವೋ ಎಂಬುದು ಅದೇ ಥ್ರೆಡ್ಡಿನಲ್ಲಿ ಇಲ್ಲದಿದ್ದರೆ ಮುಂದಿನ ಜುಲೈನಲ್ಲಿ ಓದುವವರು ಯಾರ ಉತ್ತರವನ್ನು ನಂಬಬೇಕು? ಮಹಾಸಭೆಯ ವರದಿಯಲ್ಲಿ ಹೊಸ ಸದಸ್ಯರ ಸಂಖ್ಯೆಗೆ ಒಂದು ಸಾಲಿದೆ, ಇದಕ್ಕೆ ಇಲ್ಲ. ಯಾರನ್ನೂ ಕೇಳದೆ ನಾನೇ ಅಂಥ ಥ್ರೆಡ್‌ಗಳಿಗೆ ‘ಫಲಿತಾಂಶ ಬಂದಿಲ್ಲ’ ಎಂಬ ಚೀಟಿ ಹಚ್ಚತೊಡಗಿದ್ದೇನೆ. ಅದನ್ನು ಕಂಡು ನಾಚಿಕೊಂಡು ಕೆಲವರು ಬರೆಯುತ್ತಿದ್ದಾರೆ, ಕೆಲವರು ಚೀಟಿ ತೆಗೆಸಿ ಎಂದು ಅಧ್ಯಕ್ಷರಿಗೆ ಫೋನು ಮಾಡುತ್ತಿದ್ದಾರೆ.