ಟ್ರೇಲರ್ ಕಟ್ಟಿಕೊಂಡು ಡೆತ್ ವ್ಯಾಲಿಗೆ: ಟೈರಿನಲ್ಲಿ ಎಷ್ಟು ಗಾಳಿ ಇರಬೇಕು?

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಸ್ಯಾನ್ ಹೋಸೆಯಿಂದ ಡೆತ್ ವ್ಯಾಲಿಗೆ ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಎಳೆದುಕೊಂಡು ಹೋಗಿಬಂದೆವು. ಬೇ ಏರಿಯಾದ ಗೆಳೆಯರು ಕೆಲವರು ಈಗ ಅದೇ ತಯಾರಿಯಲ್ಲಿದ್ದಾರೆ. ಎಲ್ಲಿ ಉಳಿಯಬೇಕು, ಏನು ನೋಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಟೈರಿನ ಗಾಳಿ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ, ಅದಕ್ಕೇ ಇದು.

ನಾವು ಹಿಡಿದ ದಾರಿ: ಪಚೇಕೊ ಪಾಸ್ ದಾಟಿ ಐ-5, ಬೇಕರ್ಸ್‌ಫೀಲ್ಡ್, ಹೈವೇ 58ರಲ್ಲಿ ಟೆಹಾಚಪಿ ಏರು, ಮೊಹಾವಿ, ರಿಡ್ಜ್‌ಕ್ರೆಸ್ಟ್, ಟ್ರೋನಾ, ಕೊನೆಗೆ ಟೌನ್ ಪಾಸ್ ಹತ್ತಿ ಇಳಿದರೆ ಡೆತ್ ವ್ಯಾಲಿಯೊಳಗಿನ ಸ್ಟೋವ್‌ಪೈಪ್ ವೆಲ್ಸ್.

ಕಾರಿಗೂ ಟ್ರೇಲರಿಗೂ ಲೆಕ್ಕ ಬೇರೆ ಬೇರೆ. ಕಾರಿಗೆ ಎಷ್ಟು ಗಾಳಿ ಅನ್ನುವುದು ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿರುತ್ತದೆ, ಟೈರಿನ ಮೇಲೆ ಬರೆದ ಅಂಕಿಯನ್ನು ನೋಡಬಾರದು. ಟ್ರೇಲರ್ ಎಳೆಯುವಾಗ ಹಿಂದಿನ ಟೈರಿಗೆ ಸ್ವಲ್ಪ ಹೆಚ್ಚು ಹಾಕಿ ಅಂತ ಕೆಲವು ಕಂಪನಿಗಳು ಮ್ಯಾನ್ಯುಯಲ್‌ನಲ್ಲಿ ಹೇಳಿರುತ್ತವೆ, ಅದನ್ನು ಒಮ್ಮೆ ತೆಗೆದು ಓದಿ. ಟ್ರೇಲರಿನ ಎಸ್‌ಟಿ (ಸ್ಪೆಷಲ್ ಟ್ರೇಲರ್, ಅಂದರೆ ಟ್ರೇಲರಿಗೆಂದೇ ಮಾಡಿದ) ಟೈರಿಗೆ ಮಾತ್ರ ಟ್ರೇಲರ್ ಮೈಮೇಲಿನ ಸ್ಟಿಕರ್ರೇ ಪ್ರಮಾಣ. ಸಾಮಾನ್ಯವಾಗಿ ಅದು ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಅಂಕಿಯೇ ಆಗಿರುತ್ತದೆ. ನಮ್ಮದು 13 ಇಂಚಿನ ಎಸ್‌ಟಿ175/80, ಲೋಡ್ ರೇಂಜ್ (ಹೊರುವ ಭಾರದ ದರ್ಜೆ) ಸಿ: ಗಾಳಿಯ ಒತ್ತಡ 50 ಪಿಎಸ್‌ಐ (ಚದರ ಇಂಚಿಗೆ 50 ಪೌಂಡ್) ಇದ್ದರೆ ಒಂದೊಂದು ಟೈರ್ 1,360 ಪೌಂಡ್ ಹೊರುತ್ತದೆ. ಅದೇ ಟೈರಿಗೆ 35 ಹಾಕಿದರೆ 1,100ಕ್ಕೆ ಇಳಿಯುತ್ತದೆ. ಸಣ್ಣ ಸಾಮಾನು ಟ್ರೇಲರ್‌ಗಳ 12 ಇಂಚಿನ ಕಿರಿದಾದ ಟೈರ್ ಕೆಲವಕ್ಕೆ 90 ಪಿಎಸ್‌ಐ ಬೇಕು! ಆದ್ದರಿಂದ ಪಕ್ಕದ ಮನೆಯವರ ಅಂಕಿ ಕೇಳಿಕೊಂಡು ಹೊರಡಬೇಡಿ.

ನೀರಿನ ಕ್ಯಾನು, ಐಸ್ ಬಾಕ್ಸು, ಗ್ಯಾಸ್ ಒಲೆ, ಅಕ್ಕಿ ಮೂಟೆ ಎಲ್ಲ ತುಂಬಿದ ಮೇಲೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿನಲ್ಲಿ ತೂಗಿಸಿದೆವು. ಟ್ರೇಲರಿನ ಆಕ್ಸಲ್ ಮೇಲೆ ಬಿದ್ದದ್ದು ಸುಮಾರು 1,600 ಪೌಂಡ್, ಅಂದರೆ ಎರಡು ಟೈರಿಗೆ ತಲಾ 800. ಲೆಕ್ಕದ ಪ್ರಕಾರ 35 ಹಾಕಿದರೂ ಸಾಕು, ಕುಲುಕಾಟವೂ ಕಡಿಮೆ. ಆದರೂ ನಾನು 50ನ್ನೇ ಇಟ್ಟೆ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕ ಮಡಿಚಿ ಮಡಿಚಿ ಬಿಸಿಯಾಗುತ್ತದೆ, ಸಿಡಿಯುವುದು ಆ ಬಿಸಿಗೇ. ಪಕ್ಕಗಾಳಿಗೆ ಟ್ರೇಲರ್ ಓಲಾಡುವುದೂ ಹೆಚ್ಚು, ಮೊಹಾವಿ ಸುತ್ತಮುತ್ತ ಬೀಸುವ ಗಾಳಿ ಸಾಮಾನ್ಯದ್ದಲ್ಲ. ಒಳಗಿನ ಪಾತ್ರೆ ಒಂದೆರಡು ಉರುಳಿದರೆ ಉರುಳಲಿ.

ಅಳೆಯಬೇಕಾದದ್ದು ಬೆಳಿಗ್ಗೆ, ಗಾಡಿ ಕದಲುವ ಮುಂಚೆ, ಟೈರ್ ತಣ್ಣಗಿರುವಾಗ. ಮಧ್ಯಾಹ್ನ ರಿಡ್ಜ್‌ಕ್ರೆಸ್ಟ್‌ನ ಬಂಕಿನಲ್ಲಿ ನನ್ನ ಭಾಮೈದ ಗೇಜ್ ಹಿಡಿದು ಕೂತ.

“ಭಾವ, ಎಡಗಡೆ 55, ಬಲಗಡೆ 57 ತೋರಿಸ್ತಿದೆ. ಟೈರ್ ಮೇಲೆ 50 ಅಂತ ಇದೆಯಲ್ಲ, ಸ್ವಲ್ಪ ಗಾಳಿ ಬಿಟ್ಬಿಡ್ಲಾ?”

“ಮುಟ್ಬೇಡ ಮಾರಾಯ!”

ಟೈರಿನ ಮೇಲಿರುವ 50 ತಣ್ಣಗಿದ್ದಾಗಿನ ಅಂಕಿ. ಓಡಿ ಬಿಸಿಯಾದಾಗ ಏರುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ಬರೆದಿರುತ್ತಾರೆ. ಆಗ ಬಿಟ್ಟರೆ ಮರುದಿನ ಬೆಳಿಗ್ಗೆ 44ಕ್ಕೆ ಬಂದು ಕೂತಿರುತ್ತದೆ. ಬಲಗಡೆ ಎರಡು ಹೆಚ್ಚಿದ್ದದ್ದು ಬಿಸಿಲಿಗೆ: ಪೂರ್ವಕ್ಕೆ ಹೋಗುವಾಗ ಚಳಿಗಾಲದ ಸೂರ್ಯ ದಕ್ಷಿಣದಲ್ಲಿ, ಅಂದರೆ ಬಲಕ್ಕೆ. ಇಷ್ಟು ವ್ಯತ್ಯಾಸಕ್ಕೆ ಗಾಬರಿ ಬೇಡ. ಒಂದು ಟೈರ್ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಆಗ ಪಂಕ್ಚರ್, ಬೇರಿಂಗ್ ನೋಡಿ.

ಹವೆ 10 ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಾದರೆ 50ರ ಟೈರಿನಲ್ಲಿ ಒಂದೂಕಾಲು ಪಿಎಸ್‌ಐನಷ್ಟು ಇಳಿಯುತ್ತದೆ. ಮರುಭೂಮಿಯ ನವೆಂಬರ್ ರಾತ್ರಿ ಚೆನ್ನಾಗಿಯೇ ಕೊರೆಯುತ್ತದೆ, ಬೆಳಿಗ್ಗೆ ಎರಡು ಮೂರು ಇಳಿದಿದ್ದರೆ ತುಂಬಿಸಿಕೊಳ್ಳಿ. ಎತ್ತರದ ಆಟ ಇದಕ್ಕೆ ಉಲ್ಟಾ. ಸಾವಿರ ಅಡಿ ಏರಿದರೆ ಗೇಜ್ ಅರ್ಧ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಟೌನ್ ಪಾಸ್ ಸುಮಾರು 5,000 ಅಡಿ, ಡೆತ್ ವ್ಯಾಲಿಯ ತಳದಲ್ಲಿರುವ ಫರ್ನೇಸ್ ಕ್ರೀಕ್ ಸಮುದ್ರ ಮಟ್ಟಕ್ಕಿಂತ 190 ಅಡಿ ಕೆಳಗೆ. ಮೇಲೆ ಸರಿಹೊಂದಿಸಿದ ಗಾಳಿ ಕೆಳಗೆ ಎರಡೂವರೆ ಕಡಿಮೆ ಕಂಡರೆ ಟೈರ್ ಸೋರುತ್ತಿದೆ ಅಂದುಕೊಳ್ಳಬೇಡಿ. ಕ್ಯಾಂಪಿನಲ್ಲಿ, ಬಿಸಿಲು ಬೀಳುವ ಮುಂಚೆ ಅಳೆದದ್ದನ್ನೇ ನಂಬಿ.

ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ಹಾಕಿಸಿದವರಿಗೆ ಬಂಕಿನವರು ಗಾಳಿಯನ್ನು ಉಚಿತವಾಗಿ ಕೊಡಬೇಕೆಂಬ ಕಾನೂನಿದೆ. ಆದರೆ ಎಷ್ಟೋ ಕಡೆ ಯಂತ್ರ 40 ದಾಟುವಷ್ಟರಲ್ಲಿ ಏದುಸಿರು ಬಿಡುತ್ತದೆ, 12 ವೋಲ್ಟಿನ ಸ್ವಂತ ಪಂಪ್ ಇಟ್ಟುಕೊಳ್ಳಿ. ಟ್ರೇಲರ್ ಎಳೆಯುವಾಗ ಇಲ್ಲಿ ವೇಗದ ಮಿತಿ ಗಂಟೆಗೆ 55 ಮೈಲಿ. ಐ-5ರಲ್ಲಿ ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಮೀರಬೇಡಿ. ಟೈರ್ ಎಷ್ಟು ಹಳೆಯದು ಅಂತಲೂ ನೋಡಿ: ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಟ್ರೆಡ್ ಸವೆಯದೆ ಹೊಸದರಂತೆ ಕಂಡರೂ ಐದಾರು ವರ್ಷ ದಾಟಿದ ಟ್ರೇಲರ್ ಟೈರ್ ಬದಲಾಯಿಸುವುದೇ ಒಳ್ಳೆಯದು.

ಸ್ಟೆಪ್ನಿಗೂ 50 ತುಂಬಿಸಿ. ಕಾರಿನ ಸ್ಪ್ಯಾನರ್ ಟ್ರೇಲರಿನ ನಟ್ಟಿಗೆ ಹಿಡಿಯುತ್ತದೋ ಇಲ್ಲವೋ ಮನೆಯಲ್ಲೇ ಹಾಕಿ ನೋಡಿ. ಟ್ರೋನಾ ದಾಟಿದ ಮೇಲೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.