ಔಷಧಿ ಪುಕ್ಕಟೆ, ಹೋದ ಕೂಲಿ ಯಾರು ಕೊಡಬೇಕು?

ನಮ್ಮ ಕಾಕಾ ಗದಗ ಎಪಿಎಂಸಿಯಲ್ಲಿ ಹಮಾಲಿ. ತಂಬಾಕು ತಿಂದು ತಿಂದು ಗಲ್ಲದ ಒಳಗೆ ಹುಣ್ಣಾಗಿ, ಕ್ಯಾನ್ಸರ್ ಅಂತ ಗೊತ್ತಾಗಿ, ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಕರೆಂಟೂ (ರೇಡಿಯೇಷನ್) ಕೊಟ್ಟರು. ಅದೆಲ್ಲ ಮುಗಿದು ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದಾಗ ಡಾಕ್ಟರ್ ಒಂದು ಟ್ರಯಲ್, ಅಂದರೆ ಚಿಕಿತ್ಸೆ ಕೆಲಸ ಮಾಡುತ್ತಾ ಅಂತ ರೋಗಿಗಳಲ್ಲಿ ಪರೀಕ್ಷೆ ಮಾಡಿ ನೋಡುವುದರ ಬಗ್ಗೆ ಹೇಳಿದರು. ರೋಗ ತಿರುಗಿ ಬರದ ಹಾಗೆ ಒಂದು ಮಾತ್ರೆ.

ಫಾರಂ ಹದಿನಾಲ್ಕು ಪುಟ. ಕನ್ನಡದಲ್ಲೇ ಇತ್ತು. ಕಾಕಾ "ಯಾದೃಚ್ಛಿಕ ಹಂಚಿಕೆ" ಅನ್ನೋದರ ಮೇಲೆ ಬೆರಳಿಟ್ಟು, "ಹಂಗಂದ್ರ ಏನ ತಮ್ಮಾ?" ಅಂದ. ಚೀಟಿ ಎತ್ತಿದಂಗ ಕಾಕಾ, ಕೆಲವರಿಗೆ ಮಾತ್ರೆ, ಕೆಲವರಿಗೆ ಬರೀ ಚೆಕಪ್, ಯಾವುದು ಚಲೋ ಅಂತ ಡಾಕ್ಟರಿಗೂ ಇನ್ನೂ ಗೊತ್ತಿಲ್ಲ, ಅದಕ್ಕ ನೋಡಾಕತ್ತಾರ ಅಂದೆ. ತಿಳಿಯಿತು. ನರ್ಸ್ ಅಕ್ಕನಿಗೆ ಇನ್ನೊಂದು ಪ್ರಶ್ನೆ ಕೇಳೋದಿತ್ತು, ಅಷ್ಟರಲ್ಲಿ ಅವರನ್ನು ವಾರ್ಡಿಗೆ ಕರೆದರು. ವಾರ್ಡಿಗೂ ಟ್ರಯಲ್‌ಗೂ ಅವರೊಬ್ಬರೇ.

ಕಾಕಾ ಸಹಿ ಹಾಕಲಿಲ್ಲ. ಭಯದಿಂದಲ್ಲ. ಮೂರು ತಿಂಗಳು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬರಬೇಕು. ಬಸ್ಸಿನ ಖರ್ಚು ಕೊಡ್ತೀವಿ ಅಂದರು, ಮಾತ್ರೆ ಪುಕ್ಕಟೆ. ಆದರೆ ಬಂದ ದಿನ ಕಾಕಾನ ಪಗಾರ ಹೋಗುತ್ತೆ, ಜೊತೆಗೆ ಬರುವ ಚಿಗವ್ವನದೂ ಹೋಗುತ್ತೆ. ಹೆಸರುಕಾಳಿನ ಸೀಸನ್ನು ಬೇರೆ.

ಟ್ರಯಲ್‌ನಿಂದ ಏನಾಗುತ್ತೆ ಅನ್ನೋದು ಕಾಕಾನ ಕುತ್ತಿಗೆಯಲ್ಲೇ ಇದೆ. ಗಲ್ಲದ ಜೊತೆಗೆ ಕುತ್ತಿಗೆಯ ಗಂಟುಗಳನ್ನೂ (ಕ್ಯಾನ್ಸರ್ ಹರಡುವ ದುಗ್ಧಗ್ರಂಥಿಗಳು) ತೆಗೆದಿದ್ದಾರೆ, ಹೊಲಿಗೆಯ ಗುರುತು ಕಿವಿಯ ಕೆಳಗಿನಿಂದ ಇಳಿದಿದೆ. ಗಂಟು ಕೈಗೆ ಸಿಗದಿದ್ದರೂ ಮೊದಲೇ ತೆಗೆಯಬೇಕಾ, ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕಾ ಅಂತ ಡಾಕ್ಟರುಗಳಲ್ಲೇ ಎಷ್ಟೋ ವರ್ಷ ಜಗಳವಿತ್ತು. ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ ಶುರುವಿನ ಹಂತದ ಬಾಯಿ ಕ್ಯಾನ್ಸರಿನ ಸುಮಾರು 500 ಜನರ ಮೇಲೆ ಟ್ರಯಲ್ ಮಾಡಿ, 2015ರಲ್ಲಿ ಉತ್ತರ ಕೊಟ್ಟರು. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇಕಡಾ 80 ಮಂದಿ ಬದುಕಿದ್ದರು, ಗಂಟು ಕಾಣಿಸಿಕೊಂಡರೆ ತೆಗೆಯೋಣ ಅಂತ ಕಾದವರಲ್ಲಿ ಶೇಕಡಾ 67.5. ಆ 500 ಜನ ಸಹಿ ಹಾಕದೆ ಇದ್ದಿದ್ದರೆ?

ಸರ್ಕಾರ ದುಡ್ಡು ಹಾಕಿದರೆ ಜನ ಬರುತ್ತಾರೆ. ಇಂಗ್ಲೆಂಡ್‌ನಲ್ಲಿ 2001ರಲ್ಲಿ ಕ್ಯಾನ್ಸರ್ ಟ್ರಯಲ್‌ಗಳಿಗೇ ಅಂತ ಸರ್ಕಾರಿ ನೆಟ್‌ವರ್ಕ್ ಮಾಡಿ, ಆಸ್ಪತ್ರೆಗಳಲ್ಲಿ ಟ್ರಯಲ್ ಕೆಲಸಕ್ಕೇ ಬೇರೆ ನರ್ಸುಗಳನ್ನು ಇಟ್ಟರು. ಸೇರುವವರ ಪ್ರಮಾಣ ಮೂರೇ ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಆಯಿತು.

ಕೂಲಿ ಕೊಟ್ಟರೆ ಬಡವರು ದುಡ್ಡಿನ ಆಸೆಗೆ ಸೇರ್ತಾರೆ ಅನ್ನುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಹೋದ ಪಗಾರವನ್ನು ತುಂಬಿಕೊಡೋದು ಆಸೆ ತೋರಿಸಿದಂತೆ ಹೇಗಾಗುತ್ತೆ? ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೇ ಕೂಲಿ ನಷ್ಟ ಕೊಡಬಹುದು ಅನ್ನುತ್ತೆ. ಬೇಡ ಅನ್ನಿಸಿದ ದಿನ ಟ್ರಯಲ್ ಬಿಟ್ಟು ಬರಬಹುದು, ಟ್ರಯಲ್‌ನಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ ಕೇಂದ್ರ ಸರ್ಕಾರದ 2019ರ ಟ್ರಯಲ್ ನಿಯಮದಲ್ಲೂ ಇದೆ. ಇಷ್ಟೆಲ್ಲ ಇದ್ದು ಒಂದು ದಿನದ ಪಗಾರಕ್ಕೆ ಟ್ರಯಲ್ ಯೋಜನೆಯಲ್ಲಿ ಜಾಗ ಇಲ್ಲ ಅಂದರೆ ಹೇಗೆ?

ಆ ಫಾರಂನಲ್ಲಿದ್ದ ತಾರೀಖಿನ ಪಟ್ಟಿ ಮನೆಯಲ್ಲಿ ಕೂತು ನೋಡಿದೆ. ಹನ್ನೆರಡರಲ್ಲಿ ಏಳು ಸಲ ಬರೀ ರಕ್ತ ಕೊಟ್ಟು ಬರೋದು. ರಕ್ತವನ್ನು ಗದಗಿನ ಜಿಲ್ಲಾ ಆಸ್ಪತ್ರೆಯಲ್ಲೇ ತೆಗೆದು ಹುಬ್ಬಳ್ಳಿಗೆ ಕಳಿಸುವ ವ್ಯವಸ್ಥೆ ಇದ್ದಿದ್ದರೆ, ಕಾಕಾ ಹತ್ತು ಗಂಟೆಯೊಳಗೆ ಮಾರ್ಕೆಟ್‌ನಲ್ಲಿ ಇರುತ್ತಿದ್ದ.