ಸೆನ್ಸರ್ ಬೇಕು ಅಂದವರಿಗೆ ನಾನು ಮೊದಲು ಕೇಳುವುದು ಗಾಡಿ ನಿಲ್ಲುವ ಜಾಗ

ಗೋಣಿಕೊಪ್ಪದಲ್ಲಿ ಕಾರುಗಳ ವೈರಿಂಗ್ ಕೆಲಸ ನಮ್ಮದು. ಪಾರ್ಕಿಂಗ್ ಸೆನ್ಸರ್ ಹಾಕಿಸೋಕೆ ಬಂದವರು ಮೊದಲು ರೇಟು ಕೇಳ್ತಾರೆ. ನಾನು ತಿರುಗಿ ಕೇಳುವುದು, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತೆ ಅಂತ. ಕೆಲವರಿಗೆ ಇದು ಅಧಿಕಪ್ರಸಂಗ ಅನಿಸುತ್ತದೆ, ಪರವಾಗಿಲ್ಲ.

2019ರ ಜುಲೈ 1ರ ನಂತರ ತಯಾರಾದ ಕಾರುಗಳಿಗೆ ಹಿಂಬದಿ ಸೆನ್ಸರ್ ಕಡ್ಡಾಯ. ಹಾಗಾಗಿ ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಹಳೇ ಗಾಡಿಗಳು, ಜೀಪು, ಪಿಕಪ್. ಸೆನ್ಸರ್ ಮಾಡುವ ಕೆಲಸ ಇಷ್ಟೇ: ನಮ್ಮ ಕಿವಿಗೆ ಕೇಳದ ಶಬ್ದ ಬಿಡುತ್ತದೆ, ಅದು ಏನಕ್ಕಾದರೂ ಬಡಿದು ವಾಪಸ್ ಬಂದರೆ ಬೀಪ್ ಅನ್ನುತ್ತದೆ. ವಾಪಸ್ ಬರದಿದ್ದರೆ ಸುಮ್ನಿರುತ್ತದೆ. ನಮ್ಮ ಕೊಡಗಿನಲ್ಲಿ ತೊಂದರೆ ಇರುವುದೇ ಇಲ್ಲಿ. ತೋಟದ ಮನೆ ಅಂಗಳ ಅಂದರೆ ಒಂದು ಕಡೆ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ಕಾಫಿ ಗಿಡಗಳ ಇಳಿಜಾರು. ಬರೆ ಕಡೆಗೆ ರಿವರ್ಸ್ ಹೋದರೆ ಚೆನ್ನಾಗಿ ಕೂಗುತ್ತದೆ. ಇಳಿಜಾರಿನ ಅಂಚಿಗೆ ಹೋದರೆ ಶಬ್ದ ಬಡಿಯೋಕೆ ಅಲ್ಲಿ ಏನೂ ಇಲ್ಲ, ಚಕ್ರ ಅಂಚು ದಾಟುವವರೆಗೂ ಒಂದು ಮಾತಾಡಲ್ಲ. ಎರಡು ಸಾವಿರದ್ದಾದರೂ ಅಷ್ಟೇ, ಎಂಟು ಸಾವಿರದ್ದಾದರೂ ಅಷ್ಟೇ.

ಅಂಥ ಜಾಗಕ್ಕೆ ಕ್ಯಾಮೆರಾ ಇರುವ ಸೆಟ್ ತಗೊಳ್ಳಿ ಅಂತೀನಿ. ಆದರೆ ಸ್ಕ್ರೀನಿನ ಮೇಲೆ ದೂರ ತೋರಿಸುವ ಹಸಿರು, ಹಳದಿ, ಕೆಂಪು ಗೆರೆಗಳು ಸಮತಟ್ಟಾದ ನೆಲಕ್ಕೆ ಹಾಕಿದ ಲೆಕ್ಕ. ಹಿಂದೆ ಏರು ಇದ್ದರೆ ಗೋಡೆ ಇರುವುದಕ್ಕಿಂತ ದೂರ ಕಾಣುತ್ತದೆ. ಮಳೆಗಾಲದಲ್ಲಿ ಲೆನ್ಸ್ ಮೇಲೆ ಹನಿ ಕೂತರಂತೂ ಏನೂ ಕಾಣಲ್ಲ, ಒಂದು ಬಟ್ಟೆ ಇಟ್ಟುಕೊಂಡಿರಿ.

ಬಂಪರ್‌ಗೆ ತೂತು ಬೇಡ ಅನ್ನುವವರು ಬಂಪರ್ ಒಳಗೆ ಅಂಟಿಸುವ ಪಟ್ಟಿಯಂಥ ಸೆನ್ಸರ್ ಕೇಳ್ತಾರೆ. ಅದು ಗಾಡಿ ಚಲಿಸುವಾಗ ಮಾತ್ರ ಕೆಲಸ ಮಾಡುತ್ತದೆ, ಕಬ್ಬಿಣದ ಬಂಪರ್‌ಗೆ ಆಗುವುದೇ ಇಲ್ಲ. ಜೀಪಿನವರು ಈ ಆಸೆ ಬಿಡಿ. ಜೀಪಿಗೆ ಮಾಮೂಲಿ ಸೆನ್ಸರ್ರೇ ಸರಿ, ಆದರೆ ಸುತ್ತ ರಬ್ಬರ್ ರಿಂಗ್ ಇರಲೇಬೇಕು, ಇಲ್ಲಾಂದ್ರೆ ಕಬ್ಬಿಣ ಅದುರುವುದಕ್ಕೇ ಕೂಗ್ತಾ ಇರುತ್ತದೆ. ಹಿಂದೆ ನೇತಾಡುವ ಸ್ಟೆಪ್ನಿ, ಟೋ ಹುಕ್ಕು ಕೂಡ ಅದರ ಕಣ್ಣಿಗೆ ಗೋಡೆಯೇ.

ಎತ್ತರ ನೆಲದಿಂದ ಸುಮಾರು 50ರಿಂದ 65 ಸೆಂಟಿಮೀಟರ್ ಇರಲಿ. ಸೆನ್ಸರ್ ಹಿಂದೆ ಬಾಣದ ಗುರುತು ಇರುತ್ತದೆ, ಅದು ಮೇಲಕ್ಕೇ ಇರಬೇಕು. ತಲೆಕೆಳಗಾಗಿ ಕೂರಿಸಿದರೆ ನೆಲವನ್ನೇ ನೋಡಿಕೊಂಡು ಕೂಗುತ್ತದೆ. ಫಿಟ್ ಮಾಡಿದ ಮೇಲೆ ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಗೇರ್ ಹಾಕಿಸಿ, ಒಂದೊಂದರ ಹತ್ತಿರ ಕಿವಿ ಇಟ್ಟು ನೋಡ್ತೀನಿ. ಟಿಕ್ ಟಿಕ್ ಅಂತ ಸಣ್ಣಗೆ ಕೇಳಿದರೆ ಜೀವ ಇದೆ ಅಂತ ಅರ್ಥ. ಸೆನ್ಸರ್ ಹೋಯ್ತು ಅಂತ ಜೂನ್, ಜುಲೈನಲ್ಲಿ ಬರುವ ಅರ್ಧಕ್ಕರ್ಧ ಗಾಡಿಗಳಲ್ಲಿ ಕೆಂಪು ಮಣ್ಣು ಮೆತ್ತಿರುತ್ತದೆ ಅಷ್ಟೇ. ಒರೆಸಿ ಕಳಿಸ್ತೀವಿ, ದುಡ್ಡು ತಗೊಳ್ಳಲ್ಲ. ಹಾಗಂತ ವಾಟರ್ ಸರ್ವೀಸ್‌ನಲ್ಲಿ ಗನ್ ಅದರ ಮುಖಕ್ಕೇ ಹಿಡಿಸಬೇಡಿ.

ಇನ್ನು ಕೆಲವರಿಗೆ ಏನೂ ಮಾರುವುದೇ ಬೇಡ. ವಿರಾಜಪೇಟೆ ಕಡೆಯ ಒಂದು ಹೋಮ್‌ಸ್ಟೇಯವರು ಗೆಸ್ಟ್‌ಗಳ ಕಾರು ಅಂಚಿಗೆ ಹೋಗುತ್ತೆ ಅಂತ ಬಂದಿದ್ದರು. ಬರೋ ಕಾರಿಗೆಲ್ಲ ನೀವು ಕ್ಯಾಮೆರಾ ಹಾಕಿಸ್ತೀರಾ ಅಂತ ಕೇಳಿ, ಅಂಚಿನಿಂದ ಒಂದೂವರೆ ಮೀಟರ್ ಒಳಗೆ ಸಿಲ್ವರ್ ಓಕ್ ದಿಮ್ಮಿ ಮಲಗಿಸಿ, ಉರುಳದ ಹಾಗೆ ಗೂಟ ಹೊಡೆಸಿ ಅಂದೆ. ಚಕ್ರ ಅದಕ್ಕೆ ತಾಗಿದರೆ ಯಾವ ಡ್ರೈವರ್‌ಗೂ ಗೊತ್ತಾಗುತ್ತೆ, ಅಲ್ವಾ?